ಸೇವಾಸಂಸ್ಥೆಯ ಆಯವ್ಯಯ: ತಯಾರಿ, ಮಂಡನೆ, ಉಸ್ತುವಾರಿ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತಿಂಗಳ ಮೊದಲ ವಾರದಲ್ಲಿ ಮನೆಗೆ ಹಣ ಬಂದೊಡನೆ ತಾಯಿ ಏನು ಮಾಡುತ್ತಾಳೆಂಬುದನ್ನು ಗಮನಿಸಿರಿ. ಅಕ್ಕಿ ಬೇಳೆಗೆ ಇಷ್ಟು, ಹಾಲಿಗೆ ಇಷ್ಟು, ಮಕ್ಕಳ ಪುಸ್ತಕಕ್ಕೆ ಇಷ್ಟು ಎಂದು ಮನಸ್ಸಿನಲ್ಲಿಯೇ ಭಾಗ ಮಾಡುತ್ತಾಳೆ. ಯಾರಿಗೂ ಕಾಣದಂತೆ ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಅಡಗಿಸುತ್ತಾಳೆ. ಜ್ವರ ಬಂದ ದಿನ ಆ ಡಬ್ಬಿಯೇ ಮನೆಯನ್ನು ಕಾಯುತ್ತದೆ. ಬರುವ ಹಣವನ್ನೂ ಹೋಗುವ ಹಣವನ್ನೂ ಮುಂಚಿತವಾಗಿಯೇ ಎಣಿಸಿ ಹೊಂದಿಸುವ ಈ ಕೆಲಸಕ್ಕೇ ಆಯವ್ಯಯ ಅಥವಾ ಮುಂಗಡ ಪತ್ರ ಎಂದು ಹೆಸರು. ಆಡುಮಾತಿನಲ್ಲಿ ಬಜೆಟ್ಟು.

ಬಜೆಟ್ ಎಂಬ ಶಬ್ದದ ಮೂಲ ಫ್ರೆಂಚ್ ಭಾಷೆಯಲ್ಲಿ ಚಿಕ್ಕ ತೊಗಲಿನ ಚೀಲವೆಂಬ ಅರ್ಥದ ಒಂದು ಮಾತು. ಭಾರತದಲ್ಲಿ ಸರಕಾರದ ಮೊದಲ ಆಯವ್ಯಯವನ್ನು 1860ರಲ್ಲಿ ಜೇಮ್ಸ್ ವಿಲ್ಸನ್ ಮಂಡಿಸಿದನು. ಸ್ವತಂತ್ರ ಭಾರತದ ಮೊದಲ ಆಯವ್ಯಯವನ್ನು 1947ರ ನವೆಂಬರ್ 26ರಂದು ಮಂಡಿಸಿದವರು ನೀಲಗಿರಿಗೆ ನೆರೆಯ ಕೊಯಮತ್ತೂರಿನ ಆರ್. ಕೆ. ಷಣ್ಮುಖಂ ಚೆಟ್ಟಿಯವರು. ಆದರೆ ಆಯವ್ಯಯವೆಂಬುದು ದೆಹಲಿಯ ಮಂತ್ರಿಗಳಿಗೆ ಮಾತ್ರ ಸೇರಿದ ವಿದ್ಯೆಯಲ್ಲ. ಊರಿನ ವಾಚನಾಲಯ, ಯುವಕ ಸಂಘ, ಮಹಿಳಾ ಮಂಡಳಿ, ಧರ್ಮಾಸ್ಪತ್ರೆ ಇವೆಲ್ಲಕ್ಕೂ ಅದು ಬೇಕು. ಲಾಭದ ಆಸೆಯಿಲ್ಲದೆ ಜನಸೇವೆಗಾಗಿ ನಡೆಯುವ ಇಂಥ ಸಂಸ್ಥೆಗಳ ಆಯವ್ಯಯವನ್ನು ಕುರಿತು ಈ ಪಾಠದಲ್ಲಿ ತಿಳಿಯೋಣ.

ಯಾರ ಹಣ? ಯಾರ ಕಷ್ಟ?

ಮನೆಯ ಹಣ ಮನೆಯವರದು. ಅಂಗಡಿಯ ಹಣ ಅಂಗಡಿಯವನದು. ಅವನ ಅಂದಾಜು ತಪ್ಪಿದರೆ ಅವನ ಲಾಭ ಕಡಿಮೆಯಾಗುತ್ತದೆ. ಆದರೆ ಸೇವಾಸಂಸ್ಥೆಯಲ್ಲಿ ಹಣ ಕೊಡುವವನು ಒಬ್ಬ, ಖರ್ಚು ಮಾಡುವವನು ಇನ್ನೊಬ್ಬ, ಪ್ರಯೋಜನ ಪಡೆಯಬೇಕಾದವನು ಮತ್ತೊಬ್ಬ. ಇಲ್ಲಿ ಅಂದಾಜು ತಪ್ಪಿದರೆ ಅದರ ಪೆಟ್ಟು ಬೀಳುವುದು ಆ ಮೂರನೆಯವನಿಗೆ. ಅವನು ಲೆಕ್ಕ ಬರೆದವನೂ ಅಲ್ಲ, ಹಣ ಮುಟ್ಟಿದವನೂ ಅಲ್ಲ. ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ನಾಲ್ಕು ಮೈಲಿ ನಡೆದು ಬಂದ ತಾಯಿಗೆ "ಈ ತಿಂಗಳು ಔಷಧಿ ಮುಗಿದಿದೆ" ಎಂಬ ಉತ್ತರ ಸಿಕ್ಕಿದರೆ, ಆ ಉತ್ತರ ಬಹುಮಟ್ಟಿಗೆ ಆರು ತಿಂಗಳ ಹಿಂದೆಯೇ ಒಂದು ಕಾಗದದ ಮೇಲೆ ಸಿದ್ಧವಾಗಿರುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ಗೂಡಲೂರಿನ ಒಂದು ಪ್ರಯೋಗ

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಟು ಬಂಡೀಪುರ, ಮುದುಮಲೆ ಕಾಡುಗಳನ್ನು ದಾಟಿದರೆ ತಮಿಳುನಾಡಿನ ನೀಲಗಿರಿ ಜಿಲ್ಲೆ. ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಮಸಿನಗುಡಿಯ ಮೇಲೆ ಕಲ್ಲಟ್ಟಿ ಘಾಟಿ ಹತ್ತಿ ಉದಕಮಂಡಲಕ್ಕೆ ಹೋಗುತ್ತದೆ. ಇನ್ನೊಂದು ಗೂಡಲೂರಿಗೆ ಹೋಗುತ್ತದೆ. ಗೂಡಲೂರಿನ ಸುತ್ತಮುತ್ತ ಪಣಿಯರು, ಬೆಟ್ಟಕುರುಂಬರು, ಮುಳ್ಳುಕುರುಂಬರು, ಕಾಟ್ಟುನಾಯಕರು ಮೊದಲಾದ ಆದಿವಾಸಿಗಳು ವಾಸಿಸುತ್ತಾರೆ. ಇವರಲ್ಲಿ ಅನೇಕರಿಗೆ ಚಹಾ ತೋಟಗಳ ಕೂಲಿಯೇ ಜೀವನಾಧಾರ.

1980ರ ದಶಕದ ನಡುವಿನಲ್ಲಿ ಸ್ಟಾನ್ ತೇಕೇಕರ ಮತ್ತು ಮಾರಿ ತೇಕೇಕರ ದಂಪತಿಗಳು ಇಲ್ಲಿ 'ಅಕಾರ್ಡ್' ಎಂಬ ಸೇವಾಸಂಸ್ಥೆಯನ್ನು ಕಟ್ಟಿದರು. ಆದಿವಾಸಿಗಳು ತಮ್ಮದೇ ಆದ 'ಆದಿವಾಸಿ ಮುನ್ನೇಟ್ರ ಸಂಗಮ'ವನ್ನು ಸ್ಥಾಪಿಸಿಕೊಂಡು, 1988ರಲ್ಲಿ ಭೂಮಿಯ ಹಕ್ಕಿಗಾಗಿ ಸಾವಿರಾರು ಸಂಖ್ಯೆಯಲ್ಲಿ ಗೂಡಲೂರಿನಲ್ಲಿ ಮೆರವಣಿಗೆ ನಡೆಸಿದರು. 1990ರಲ್ಲಿ 'ಅಶ್ವಿನಿ' ಎಂಬ ಆರೋಗ್ಯ ಸಂಸ್ಥೆಯ ಮೂಲಕ ಗೂಡಲೂರು ಆದಿವಾಸಿ ಆಸ್ಪತ್ರೆ ಆರಂಭವಾಯಿತು. ಆದಿವಾಸಿ ತರುಣಿಯರೇ ತರಬೇತಿ ಪಡೆದು ಅಲ್ಲಿ ದಾದಿಯರಾದರು.

ಆಸ್ಪತ್ರೆ ಕಟ್ಟುವುದು ಒಂದು ಕಷ್ಟ, ಪ್ರತಿ ವರ್ಷ ಅದನ್ನು ನಡೆಸುವುದು ಇನ್ನೊಂದು ಕಷ್ಟ. ರೋಗ ಯಾರಿಗೆ ಯಾವಾಗ ಬರುವುದೆಂದು ಬಲ್ಲವರಾರು? ರೋಗ ಬಂದ ದಿನ ಕೂಲಿಯವನ ಕೈಯಲ್ಲಿ ಹಣವಿರುವುದಿಲ್ಲ. ಆದಕಾರಣ 1992ರಲ್ಲಿ ಈ ಸಂಸ್ಥೆಗಳು ಆರೋಗ್ಯ ವಿಮೆಯ ಒಂದು ಏರ್ಪಾಡನ್ನು ಮಾಡಿದವು. ಸಂಗಮದ ಸದಸ್ಯರು ವರ್ಷಕ್ಕೊಮ್ಮೆ ಒಂದು ಸಣ್ಣ ಮೊತ್ತವನ್ನು ಕೊಡುವುದು. ಎಲ್ಲರ ಪರವಾಗಿ ಒಂದು ಸಾಮೂಹಿಕ ವಿಮೆಯನ್ನು ಕೊಳ್ಳುವುದು. ಆಸ್ಪತ್ರೆ ಸೇರಿದವರ ವೆಚ್ಚದ ಒಂದು ಭಾಗವನ್ನು ವಿಮಾ ಕಂಪನಿಯಿಂದ ಪಡೆಯುವುದು. ಸಾಲದ ಭಾಗವನ್ನು ದಾನಿಗಳ ನೆರವಿನಿಂದ ತುಂಬುವುದು. ಭಾರತದಲ್ಲಿ ಬಡವರಿಗಾಗಿ ಸಮುದಾಯವೇ ನಡೆಸಿದ ಆರೋಗ್ಯ ವಿಮೆಗಳಲ್ಲಿ ಇದು ಮೊದಮೊದಲಿನದು. ಹನಿ ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ನಿಜವಾಯಿತು.

ಇಂಥ ಏರ್ಪಾಡಿಗೆ ಆಯವ್ಯಯವೇ ಬೆನ್ನೆಲುಬು. ಒಬ್ಬೊಬ್ಬರಿಂದ ಎಷ್ಟು ಪಡೆಯಬೇಕು? ಬಹಳ ಕೇಳಿದರೆ ಬಡವನು ಹೊರಗುಳಿಯುತ್ತಾನೆ. ಕಡಿಮೆ ಕೇಳಿದರೆ ಆಸ್ಪತ್ರೆಯ ಬಾಗಿಲು ಮುಚ್ಚುತ್ತದೆ. ನಮ್ಮ ಕರ್ನಾಟಕದ ಸಹಕಾರಿ ರೈತರ 'ಯಶಸ್ವಿನಿ' ಯೋಜನೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. 2003ರಲ್ಲಿ ಅದು ಆರಂಭವಾದಾಗ ವರ್ಷಕ್ಕೆ ಒಬ್ಬರಿಗೆ 60 ರೂ. ವಂತಿಗೆ; ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಮುಂದೆ ವಂತಿಗೆಯನ್ನು 120 ರೂ.ಗೆ ಏರಿಸಿದಾಗ ಸದಸ್ಯರ ಸಂಖ್ಯೆ ಇಳಿಯಿತು. ವಂತಿಗೆಯ ಒಂದು ಅಂಕಿಯನ್ನು ಬದಲಾಯಿಸಿದರೆ ಲಕ್ಷಾಂತರ ಜನರು ಒಳಗೋ ಹೊರಗೋ ಆಗುತ್ತಾರೆಂಬುದು ಇದರಿಂದ ತಿಳಿಯುತ್ತದೆ.

1. ತಯಾರಿ

ಈಗ ಲೆಕ್ಕವನ್ನು ಕೈಯಿಂದಲೇ ಮಾಡಿ ನೋಡೋಣ. ಗೂಡಲೂರಿನ ಕಡೆಯ ಬೆಟ್ಟದ ಊರೊಂದರಲ್ಲಿ 400 ಕುಟುಂಬಗಳ ಒಂದು ಆರೋಗ್ಯ ಸಂಘವಿದೆಯೆಂದು ಊಹಿಸಿಕೊಳ್ಳಿರಿ. ಇದು ಪಾಠಕ್ಕಾಗಿ ಕಲ್ಪಿಸಿದ ಸಂಘ, ಅಂಕಿಗಳೂ ಕಲ್ಪಿತವೇ. ಒಬ್ಬ ಆರೋಗ್ಯ ಕಾರ್ಯಕರ್ತೆ, ಒಂದು ಬಾಡಿಗೆ ಕೋಣೆ, ಔಷಧಿಯ ಒಂದು ಕಪಾಟು, ದೂರದ ಹಾಡಿಗಳಿಗೆ ಹೋಗಲು ಬಾಡಿಗೆಯ ಜೀಪು. ಇಷ್ಟೇ ಅದರ ಆಸ್ತಿ.

ಮೊದಲನೆಯ ನಿಯಮ: ಹಣದಿಂದ ಆರಂಭಿಸಬೇಡಿ, ಕೆಲಸದಿಂದ ಆರಂಭಿಸಿ. ಬರುವ ವರ್ಷ ಏನೇನು ಮಾಡಬೇಕು, ಯಾರಿಗಾಗಿ, ಎಷ್ಟು ಸಲ ಎಂಬುದನ್ನು ಬರೆದುಕೊಂಡ ಮೇಲೆಯೇ ಅದರ ಬೆಲೆ ಕಟ್ಟಬೇಕು. ಕಳೆದ ವರ್ಷದ ಅಂಕಿಗಳಿಗೆ ನೂರಕ್ಕೆ ಹತ್ತು ಸೇರಿಸಿ ಬರೆದುಬಿಡುವುದು ಸೋಮಾರಿಯ ಆಯವ್ಯಯ. ಖಜಾಂಚಿಯೊಬ್ಬನೇ ಮೂಲೆಯಲ್ಲಿ ಕುಳಿತು ಬರೆಯುವುದೂ ಸಲ್ಲದು. ಔಷಧಿ ಎಷ್ಟು ಬೇಕೆಂಬುದು ಕಾರ್ಯಕರ್ತೆಗೆ ಗೊತ್ತು. ಯಾವ ತಿಂಗಳು ಯಾವ ರಸ್ತೆ ಕೆಡುವುದೆಂಬುದು ಜೀಪಿನ ಚಾಲಕನಿಗೆ ಗೊತ್ತು. ಅವರನ್ನು ಕೇಳಬೇಕು.

ಎರಡನೆಯ ನಿಯಮ: ಆದಾಯವನ್ನು ಬಿಗಿಹಿಡಿದು ಬರೆಯಿರಿ, ವೆಚ್ಚವನ್ನು ಬಿಚ್ಚುಮನಸ್ಸಿನಿಂದ ಬರೆಯಿರಿ. ಕುಟುಂಬಕ್ಕೆ 300 ರೂ.ಯಂತೆ 400 ಕುಟುಂಬಗಳಿಂದ 1,20,000 ರೂ. ಬರಬೇಕು. ಆದರೆ ಎಲ್ಲರೂ ಕೊಡುವರೆಂದು ನಂಬುವಂತಿಲ್ಲ. ನೂರಕ್ಕೆ 80 ಮಂದಿ ಕೊಟ್ಟಾರೆಂದು ಎಣಿಸಿದರೆ 96,000 ರೂ. ಆಗುತ್ತದೆ. ಇನ್ನು ಪಟ್ಟಿಯನ್ನು ನೋಡಿರಿ.

ಆದಾಯ
ಸದಸ್ಯರ ವಂತಿಗೆ: 96,000 ರೂ.
ದಾನಿಗಳ ಕೊಡುಗೆ: 1,50,000 ರೂ. (ಇದರಲ್ಲಿ 90,000 ರೂ. ಔಷಧಿಗೆಂದೇ ಕೊಟ್ಟದ್ದು)
ಜನವರಿಯ ಮಾರಾಟ ಮೇಳ: 24,000 ರೂ.
ಬ್ಯಾಂಕಿನ ಬಡ್ಡಿ: 6,000 ರೂ.
ಒಟ್ಟು: 2,76,000 ರೂ.

ವೆಚ್ಚ
ಕಾರ್ಯಕರ್ತೆಯ ಗೌರವಧನ: 1,08,000 ರೂ.
ಔಷಧಿ: 96,000 ರೂ.
ಜೀಪಿನ ಬಾಡಿಗೆ: 36,000 ರೂ.
ಕೋಣೆ ಬಾಡಿಗೆ, ಕರೆಂಟು: 18,000 ರೂ.
ಕಾಗದ ಪತ್ರ, ಲೆಕ್ಕ ತಪಾಸಣೆ: 8,000 ರೂ.
ಆಪತ್ತಿನ ನಿಧಿ: 10,000 ರೂ.
ಒಟ್ಟು: 2,76,000 ರೂ.

ಔಷಧಿಗೆಂದು ಬಂದ 90,000 ರೂ.ಗಳನ್ನು ಜೀಪಿಗಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಒಂದು ಕಾರ್ಯಕ್ಕೆಂದು ಕೊಟ್ಟ ಹಣ ಆ ಕಾರ್ಯಕ್ಕೇ ಮೀಸಲು. ಬೇರೆ ಕಡೆ ತಿರುಗಿಸಬೇಕಾದರೆ ಕೊಟ್ಟವರ ಒಪ್ಪಿಗೆಯನ್ನು ಮೊದಲು ಪಡೆಯಬೇಕು. ಇನ್ನು ಆಪತ್ತಿನ ನಿಧಿ. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು. ವರ್ಷಕ್ಕೆ ಸ್ವಲ್ಪವಾದರೂ ಎತ್ತಿಡದ ಸಂಸ್ಥೆ ಮೊದಲ ಬಿರುಗಾಳಿಗೇ ಉರುಳುತ್ತದೆ.

ಪಟ್ಟಿ ಸರಿದೂಗಿತಲ್ಲ, ಕೆಲಸ ಮುಗಿಯಿತೆ? ಇಲ್ಲ. ಇಲ್ಲಿಯೇ ಅನೇಕ ಸಂಘಗಳು ಎಡವುವುದು. ಹಣ ಎಷ್ಟು ಎಂಬುದರಷ್ಟೇ ಮುಖ್ಯವಾದದ್ದು ಹಣ ಯಾವಾಗ ಎಂಬುದು.

ನೀಲಗಿರಿಯ ಹವೆಯನ್ನು ನೆನೆಯಿರಿ. ಜೂನ್‌ನಿಂದ ನೈರುತ್ಯ ಮಾರುತವು ಪಶ್ಚಿಮದ ಇಳಿಜಾರಿನ ಗೂಡಲೂರಿನ ಮೇಲೆ ಬಲವಾಗಿ ಸುರಿಯುತ್ತದೆ. ಅದೇ ಹೊತ್ತಿನಲ್ಲಿ ಮಸಿನಗುಡಿ ಮಳೆಯ ಮರೆಯಲ್ಲಿರುತ್ತದೆ. ಎತ್ತರದ ಉದಕಮಂಡಲದಲ್ಲಿ ಚಳಿ. ಒಂದೇ ಜಿಲ್ಲೆಯಾದರೂ ಮೂರು ಊರುಗಳ ಆಯವ್ಯಯ ಒಂದೇ ಆಗಲಾರದು. ನಮ್ಮ ಕಲ್ಪಿತ ಸಂಘದ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜ್ವರ, ಭೇದಿ ಹೆಚ್ಚು. ಆ ನಾಲ್ಕು ತಿಂಗಳು ಔಷಧಿಗೆ ತಿಂಗಳಿಗೆ 12,000 ರೂ. ಬೇಕು. ಉಳಿದ ಎಂಟು ತಿಂಗಳಿಗೆ 6,000 ರೂ.ಯಂತೆ ಸಾಕು.

ಈಗ ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗಿನ ಆರು ತಿಂಗಳ ವೆಚ್ಚವನ್ನು ಕೂಡಿಸಿರಿ. ಗೌರವಧನ 54,000, ಔಷಧಿ 60,000, ಜೀಪು 18,000, ಕೋಣೆ 9,000, ಕಾಗದ ಪತ್ರ 3,000. ಒಟ್ಟು 1,44,000 ರೂ. ಅದೇ ಆರು ತಿಂಗಳಲ್ಲಿ ಕೈಗೆ ಬರುವುದೇನು? ವಂತಿಗೆಯಲ್ಲಿ ಅರ್ಧ 48,000, ದಾನಿಗಳ ಮೊದಲ ಕಂತು 75,000, ಬಡ್ಡಿ 3,000. ಒಟ್ಟು 1,26,000 ರೂ. ಹಿಂದಿನ ವರ್ಷದ ಉಳಿಕೆ ಇಲ್ಲದಿದ್ದರೆ 18,000 ರೂ. ಕೊರತೆ! ವರ್ಷದ ಲೆಕ್ಕ ತಕ್ಕಡಿಯಂತೆ ಸರಿದೂಗಿದ್ದರೂ ರೋಗ ಹೆಚ್ಚಿರುವ ಮಳೆಗಾಲದಲ್ಲಿಯೇ ಕಪಾಟು ಬರಿದಾಗುತ್ತದೆ. ಮೇಲೆ ಹೇಳಿದ ಆ ತಾಯಿ ಬರಿಗೈಯಲ್ಲಿ ಹಿಂತಿರುಗುವುದು ಹೀಗೆ. ಇಲ್ಲಿ ಯಾರೂ ಹಣ ಕದ್ದಿಲ್ಲ. ತಿಂಗಳುಗಳನ್ನು ಎಣಿಸಲಿಲ್ಲ, ಅಷ್ಟೇ.

ಮುಂಚಿತವಾಗಿ ತಿಳಿದರೆ ಉಪಾಯ ಸುಲಭ. ಮಳೆ ಹಿಡಿಯುವ ಮೊದಲೇ, ಕೂಲಿ ಸಿಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ, ವಂತಿಗೆಯ ಮುಕ್ಕಾಲು ಭಾಗ ಅಂದರೆ 72,000 ರೂ. ಸಂಗ್ರಹಿಸಿದರೆ ಕೊರತೆ ತೀರಿ 6,000 ರೂ. ಉಳಿಯುತ್ತದೆ. ಇಲ್ಲವೇ ಮೊದಲ ಕಂತನ್ನು ಹೆಚ್ಚಿಸಿ ಕೊಡಿರೆಂದು ದಾನಿಗಳನ್ನು ಮಾರ್ಚಿಯಲ್ಲಿಯೇ ಕೇಳಿಕೊಳ್ಳಬಹುದು. ಸೆಪ್ಟೆಂಬರಿನಲ್ಲಿ ಕೇಳಿದರೆ ಅದು ಮೊರೆಯಾಗುತ್ತದೆ, ಮಾರ್ಚಿಯಲ್ಲಿ ಕೇಳಿದರೆ ಯೋಜನೆಯಾಗುತ್ತದೆ.

2. ಮಂಡನೆ

ಆಯವ್ಯಯ ಖಜಾಂಚಿಯ ಪೆಟ್ಟಿಗೆಯಲ್ಲಿ ಇದ್ದರೆ ಅದು ಬರೀ ಕಾಗದ. ಕಾರ್ಯಕಾರಿ ಸಮಿತಿ ಅದನ್ನು ಚರ್ಚಿಸಿ ಒಪ್ಪಬೇಕು. ಬಳಿಕ ಸದಸ್ಯರ ಸಭೆಯ ಮುಂದೆ ಇಡಬೇಕು. ನಮ್ಮ ದೇಶದಲ್ಲಿ ಆರ್ಥಿಕ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಆದ್ದರಿಂದ ಮಾರ್ಚ್ ಮುಗಿಯುವ ಮೊದಲೇ ಮಂಡನೆ ಮುಗಿದಿರಬೇಕು.

ಸಭೆಯಲ್ಲಿ ಉದ್ದನೆಯ ಅಂಕಿಗಳನ್ನು ಓದುತ್ತ ಹೋದರೆ ಹಿಂದಿನ ಸಾಲಿನವರು ತೂಕಡಿಸುತ್ತಾರೆ. ಓದುಬರಹ ಬಾರದ ಹಿರಿಯರಿಗೆ ಅದು ಅರ್ಥವೂ ಆಗದು. ಹಾಗೆಂದು ಅವರಿಗೆ ಲೆಕ್ಕ ತಿಳಿಯದೆಂದು ಭಾವಿಸಬಾರದು. ಸಂತೆಯಲ್ಲಿ ಅವರಷ್ಟು ಚೊಕ್ಕವಾಗಿ ಲೆಕ್ಕ ಹಾಕುವವರು ಕಡಿಮೆ. ನೂರು ಹುರುಳಿಕಾಳುಗಳನ್ನು ಚಾಪೆಯ ಮೇಲೆ ಹರಡಿರಿ. "ನಮಗೆ ಬರುವ ಪ್ರತಿ ನೂರು ರೂಪಾಯಿಯಲ್ಲಿ ಕಾರ್ಯಕರ್ತೆಗೆ ಸುಮಾರು 39, ಔಷಧಿಗೆ 35, ಜೀಪಿಗೆ 13, ಕೋಣೆ, ಕಾಗದ, ಆಪತ್ತಿನ ನಿಧಿ ಎಲ್ಲ ಸೇರಿ 13" ಎಂದು ಕಾಳುಗಳನ್ನು ಗುಂಪು ಮಾಡಿ ತೋರಿಸಿರಿ. ಆಗ ಹಿಂದಿನ ಸಾಲಿನ ಅಜ್ಜಿಯೂ ಮುಂದೆ ಬಂದು "ಜೀಪಿಗೆ ಇಷ್ಟೇಕೆ?" ಎಂದು ಕೇಳುತ್ತಾಳೆ. ಆ ಪ್ರಶ್ನೆ ಬಂದರೆ ಮಂಡನೆ ಸಫಲವಾಯಿತೆಂದು ತಿಳಿಯಿರಿ.

ದಾನಿಗಳಿಗೆ ಮಂಡಿಸುವಾಗ ಇನ್ನೊಂದು ಎಚ್ಚರ ಬೇಕು. ಔಷಧಿಗೆ ಕೊಡುತ್ತೇವೆ, ಬಾಡಿಗೆಗೆ ಕೊಡುವುದಿಲ್ಲ ಎನ್ನುವವರು ಹಲವರು. ಆದರೆ ಕೋಣೆಯಿಲ್ಲದೆ ಔಷಧಿಯನ್ನು ಎಲ್ಲಿಡುವುದು? ಲೆಕ್ಕ ತಪಾಸಣೆಯಿಲ್ಲದೆ ನಂಬಿಕೆಯನ್ನು ಹೇಗೆ ಉಳಿಸುವುದು? ಇಂಥ ಆಡಳಿತ ವೆಚ್ಚವನ್ನು ಬಚ್ಚಿಡದೆ, ಉಬ್ಬಿಸದೆ, ಇದ್ದುದನ್ನು ಇದ್ದಂತೆ ತೋರಿಸಬೇಕು. ವಿದೇಶದಿಂದ ದೇಣಿಗೆ ಪಡೆಯುವ ಸಂಸ್ಥೆಗಳ ಕಾನೂನಿಗೆ 2020ರಲ್ಲಿ ಬಂದ ತಿದ್ದುಪಡಿ, ಆ ಹಣದಲ್ಲಿ ಆಡಳಿತಕ್ಕೆ ಬಳಸಬಹುದಾದ ಗರಿಷ್ಠ ಭಾಗವನ್ನು ನೂರಕ್ಕೆ 50ರಿಂದ 20ಕ್ಕೆ ಇಳಿಸಿತು. ಆಯವ್ಯಯ ಬರೆಯುವವನು ಕಾನೂನನ್ನೂ ತಿಳಿದಿರಬೇಕೆಂಬುದಕ್ಕೆ ಇದೊಂದು ನಿದರ್ಶನ.

3. ಉಸ್ತುವಾರಿ

ಬಿತ್ತಿದ ಮೇಲೆ ಹೊಲದ ಕಡೆ ತಲೆಹಾಕದ ರೈತನಿಗೆ ಬೆಳೆ ಸಿಕ್ಕೀತೆ? ಆಯವ್ಯಯವನ್ನೂ ತಿಂಗಳಿಗೊಮ್ಮೆ ನೋಡಬೇಕು. ಇದಕ್ಕೆ ಬೇಕಾದದ್ದು ನಾಲ್ಕು ಅಂಕಣಗಳ ಒಂದು ಹಾಳೆ: ಬಾಬು, ಈವರೆಗಿನ ಅಂದಾಜು, ಈವರೆಗಿನ ನಿಜವಾದ ವೆಚ್ಚ, ವ್ಯತ್ಯಾಸ ಮತ್ತು ಅದರ ಕಾರಣ. ನಗದು ಪುಸ್ತಕವನ್ನು ಅಂದಂದೇ ಬರೆದು, ಪ್ರತಿ ವೆಚ್ಚಕ್ಕೂ ಓಚರು, ಪ್ರತಿ ಜಮೆಗೂ ರಶೀದಿ ಇಟ್ಟಿದ್ದರೆ ಈ ಹಾಳೆ ಅರ್ಧ ಗಂಟೆಯ ಕೆಲಸ. ಇಲ್ಲದಿದ್ದರೆ ಅರ್ಧ ವರ್ಷದ ತಲೆನೋವು.

ಜುಲೈ ಕೊನೆಯಲ್ಲಿ ನಮ್ಮ ಸಂಘದ ಹಾಳೆ ಹೀಗಿದೆಯೆನ್ನೋಣ. ಔಷಧಿ: ಅಂದಾಜು 36,000, ನಿಜವಾದದ್ದು 45,000, ಹೆಚ್ಚು 9,000. ಜೀಪು: ಅಂದಾಜು 12,000, ನಿಜವಾದದ್ದು 7,500, ಉಳಿತಾಯ 4,500. ಮೇಲ್ನೋಟಕ್ಕೆ ಔಷಧಿಯವರು ತಪ್ಪಿತಸ್ಥರು, ಜೀಪಿನವರು ಜಾಣರು. ಆದರೆ ಕಾರಣದ ಅಂಕಣವನ್ನು ಓದಿರಿ. ಮಳೆಗಾಲದ ಔಷಧಿಯನ್ನು ಅಗ್ಗವಾಗಿ ಸಿಕ್ಕಾಗ ಒಟ್ಟಿಗೆ ಕೊಂಡು ಕಪಾಟಿನಲ್ಲಿ ಇಟ್ಟಿದ್ದಾರೆ. ಮುಂದಿನ ತಿಂಗಳುಗಳಲ್ಲಿ ಆ ವೆಚ್ಚ ತಗ್ಗುತ್ತದೆ. ಜೀಪಿನ ಹಣ ಉಳಿದದ್ದೇಕೆ? ರಸ್ತೆ ಕುಸಿದದ್ದರಿಂದ ದೂರದ ಹಾಡಿಗೆ ಜೀಪು ಹೋಗಲೇ ಇಲ್ಲ. ಉಳಿದದ್ದು ಹಣ, ಕೆಟ್ಟದ್ದು ಕೆಲಸ. ಸೇವಾಸಂಸ್ಥೆಯಲ್ಲಿ ಉಳಿತಾಯವೆಲ್ಲ ಒಳ್ಳೆಯದಲ್ಲ, ಹೆಚ್ಚಿನ ವೆಚ್ಚವೆಲ್ಲ ಕೆಟ್ಟದ್ದೂ ಅಲ್ಲ. ಅಂಕಿ ಪ್ರಶ್ನೆಯನ್ನು ಮಾತ್ರ ಕೇಳುತ್ತದೆ. ಉತ್ತರವನ್ನು ಹಾಡಿಗೆ ಹೋಗಿ ತಿಳಿಯಬೇಕು. ಆ 4,500 ರೂ.ಗಳಿಂದ ಔಷಧಿಯನ್ನು ಹೊತ್ತು ನಡೆದು ಹೋಗುವವರಿಗೆ ಕೂಲಿ ಕೊಡಬಹುದಲ್ಲವೆ ಎಂದು ಸಮಿತಿ ಜುಲೈಯಲ್ಲಿಯೇ ನಿರ್ಧರಿಸಿದರೆ ಅದೇ ನಿಜವಾದ ಉಸ್ತುವಾರಿ. ಮಾರ್ಚಿಯಲ್ಲಿ ಅದೇ ಮಾತನ್ನು ಆಡಿದರೆ ಅದು ಪಶ್ಚಾತ್ತಾಪ.

ವ್ಯತ್ಯಾಸ ಬರುವುದು ಅಪರಾಧವಲ್ಲ. ಅದನ್ನು ಮುಚ್ಚಿಡುವುದು ಅಪರಾಧ. ಆದಕಾರಣ ಚೆಕ್ಕಿಗೆ ಇಬ್ಬರ ರುಜು ಇರಲಿ. ಕೊಳ್ಳುವವನೇ ಲೆಕ್ಕ ಬರೆಯುವವನಾಗದಿರಲಿ. ವರ್ಷದ ಕೊನೆಯಲ್ಲಿ ಹೊರಗಿನ ಲೆಕ್ಕ ಪರಿಶೋಧಕರು ಪುಸ್ತಕಗಳನ್ನು ನೋಡಲಿ. ಕರ್ನಾಟಕದಲ್ಲಿ 1960ರ, ತಮಿಳುನಾಡಿನಲ್ಲಿ 1975ರ ಸಂಘಗಳ ನೋಂದಣಿ ಕಾಯಿದೆಗಳ ಪ್ರಕಾರ ನೋಂದಾಯಿತ ಸಂಘಗಳು ವಾರ್ಷಿಕ ಮಹಾಸಭೆ ಕರೆದು ಲೆಕ್ಕವನ್ನು ಒಪ್ಪಿಸಬೇಕು. ಇವೆಲ್ಲ ಅಪನಂಬಿಕೆಯ ಏರ್ಪಾಡುಗಳೆಂದು ಮುನಿಸಿಕೊಳ್ಳಬಾರದು. ಪ್ರಾಮಾಣಿಕನನ್ನು ಅಪವಾದದಿಂದ ಕಾಪಾಡುವ ಕೊಡೆಗಳು ಇವು.

ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮೂರಿನ ವಾಚನಾಲಯಕ್ಕೆ ಕಾರ್ಯದರ್ಶಿಯಾಗಿದ್ದೆ. ಊರವರು ಪ್ರೀತಿಯಿಂದ ಚಂದಾ ಕೊಟ್ಟಿದ್ದರು. ಅದನ್ನೆಲ್ಲ ನಾವು ವಾರ್ಷಿಕೋತ್ಸವದ ಚಪ್ಪರಕ್ಕೂ ಧ್ವನಿವರ್ಧಕಕ್ಕೂ ಸುರಿದೆವು. ಒಂದು ಕಾಸೂ ಯಾರ ಜೇಬಿಗೂ ಹೋಗಲಿಲ್ಲ. ಆದರೆ ಮುಂದಿನ ತಿಂಗಳಿನಿಂದ ಪತ್ರಿಕೆ ತರಿಸಲು ಹಣವಿರಲಿಲ್ಲ. ಪ್ರತಿ ಸಂಜೆ ಕನ್ನಡಕ ಒರೆಸಿಕೊಳ್ಳುತ್ತ ಪತ್ರಿಕೆ ಓದಲು ಬರುತ್ತಿದ್ದ ವೃದ್ಧರೊಬ್ಬರು ಖಾಲಿ ಮೇಜನ್ನು ನೋಡಿ ಮಾತಿಲ್ಲದೆ ಹಿಂತಿರುಗಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಪ್ರಾಮಾಣಿಕತೆಯೊಂದೇ ಸಾಲದು, ಮುಂದಾಲೋಚನೆಯೂ ಬೇಕೆಂಬ ಪಾಠವನ್ನು ನಾನು ಕಲಿತದ್ದು ಅಂದು.

ವಿದ್ಯಾರ್ಥಿಗಳೇ, ನಾಳೆ ನೀವು ಯಾವುದಾದರೊಂದು ಸಂಘದ ಸದಸ್ಯರಾಗುವಿರಿ, ಕೆಲವರು ಖಜಾಂಚಿಗಳೂ ಆಗುವಿರಿ. ಆಗ ಆಯವ್ಯಯವನ್ನು ಅಂಕಿಗಳ ಪಟ್ಟಿಯೆಂದು ನೋಡಬೇಡಿ. ಅದು ಬಾಗಿಲಿಗೆ ಬರಲಿರುವ, ಇನ್ನೂ ಮುಖ ಕಾಣದ ಒಬ್ಬರಿಗೆ ನಾವು ಮೊದಲೇ ಕೊಟ್ಟ ಮಾತು. ಆ ಮಾತನ್ನು ಎಲ್ಲರ ಮುಂದೆ ಕೊಡಬೇಕು, ತಿಂಗಳು ತಿಂಗಳೂ ನೆನೆಯಬೇಕು, ವರ್ಷದ ಕೊನೆಗೆ ಎಲ್ಲರ ಮುಂದೆಯೇ ಒಪ್ಪಿಸಬೇಕು.

ಅಭ್ಯಾಸ

1. ಮೇಲಿನ ಸಂಘದಲ್ಲಿ ನೂರಕ್ಕೆ 90 ಕುಟುಂಬಗಳು ವಂತಿಗೆ ಕೊಟ್ಟರೆ ಆದಾಯ ಎಷ್ಟು ಹೆಚ್ಚುವುದು? ಆ ಹಣವನ್ನು ಯಾವ ಬಾಬಿಗೆ ಸೇರಿಸುವಿರಿ? ಕಾರಣ ಕೊಡಿ.

2. ಜೀಪಿನ ಬಾಡಿಗೆ ನೂರಕ್ಕೆ 25 ಏರಿದರೆ ಕೊರತೆ ಎಷ್ಟು? ಅದನ್ನು ಯಾವ ಹಣದಿಂದ ತುಂಬಬಹುದು, ಯಾವುದರಿಂದ ತುಂಬಬಾರದು?

3. ನಿಮ್ಮ ಊರಿನ ಜಾತ್ರೆ ಅಥವಾ ಯುವಕ ಸಂಘದ ಕಳೆದ ವರ್ಷದ ಜಮಾಖರ್ಚನ್ನು ತಂದೆ ತಾಯಿಯರೊಡನೆ ಕುಳಿತು ನಾಲ್ಕು ಅಂಕಣಗಳ ಹಾಳೆಯಲ್ಲಿ ಬರೆಯಿರಿ. ಕಾರಣದ ಅಂಕಣವನ್ನು ಖಾಲಿ ಬಿಡಬೇಡಿ.